ಆ ಸ್ವಿಚ್ಚಿಗೆ ಬೈಯುವ ಮೊದಲು...

ತುಂಬಾ ದಿನಗಳಿಂದ ಇಲ್ಲಿ ಏನೂ ಬರೆದಿರಲಿಲ್ಲ. ವಿಷಯ ಇರಲಿಲ್ಲ ಅಂತೇನಲ್ಲ, ಸೋಮಾರಿತನ ಅಷ್ಟೆ. ಮೊನ್ನೆ ಭಾನುವಾರ ಇಲ್ಲೇ ಬೆಂಗಳೂರಿನಲ್ಲಿರುವ ಗೆಳೆಯನೊಬ್ಬನ ಹೊಸ ಮನೆಗೆ ತಿಂಡಿಗೆ ಹೋಗಿದ್ದೆ. ಅಲ್ಲಿಂದ ಬಂದಾಗಿನಿಂದ ತಲೆ ಬಿಸಿಯಾಗಿದೆ. ಹಾಗಾಗಿ ಈ ಬರಹ. ಉದ್ದ ಆಗಬಹುದು, ನಡುನಡುವೆ ಬೈಗುಳವೂ ಬರಬಹುದು. ಮೊದಲೇ ಹೇಳಿದ್ದೇನೆ, ಆಮೇಲೆ ನನ್ನನ್ನು ಕೇಳಬೇಡಿ :)

ಗೆಳೆಯ ಮನೆ ತೋರಿಸುತ್ತಾ ಬಂದ. ಮಾಡ್ಯುಲರ್ ಕಿಚನ್ ಆಯ್ತು, ದೇವರ ಮನೆ ಆಯ್ತು, ಗೇಟಿನ ಮೇಲಿನ ಮೂರು ಕ್ಯಾಮೆರಾ ಆಯ್ತು. ಮೆಟ್ಟಿಲ ಕೆಳಗೆ ಕರೆಂಟಿನ ಬೋರ್ಡು ಇತ್ತು. ಅದರ ಮುಂದೆ ನಿಂತು ಹೇಳಿದ: "ಇದೊಂದು ತಲೆನೋವಾಗಿತ್ತು ಕಣೋ. ಸುಮ್‌ಸುಮ್ನೆ ಟ್ರಿಪ್ ಆಗ್ತಿತ್ತು. ರಾತ್ರಿ ಎರಡು ಗಂಟೆಗೆಲ್ಲ ಎದ್ದು ಬಂದು ಹಾಕ್ಬೇಕು. ಎಲೆಕ್ಟ್ರಿಷಿಯನ್ ಕರೆಸಿ ಬೈಪಾಸ್ ಮಾಡಿಸ್ಬಿಟ್ಟೆ. ಈಗ ಆರಾಮ."

ಅವನು ಎಂಜಿನಿಯರ್. ಎರಡು ವರ್ಷದ ಮಗಳಿದ್ದಾಳೆ. ಆ ಮಗುವಿಗೆ ಟೇಬಲ್ಲಿನ ಮೂಲೆ ತಾಗೀತು ಅಂತ ಎಲ್ಲ ಮೂಲೆಗೂ ಸ್ಪಂಜು ಅಂಟಿಸಿದ್ದಾನೆ. ಅಂಥವನು ಇನ್ನೂರು ರೂಪಾಯಿ ಕೊಟ್ಟು ಮನೆಯಲ್ಲಿದ್ದ ಅತಿ ಮುಖ್ಯವಾದ ಸ್ವಿಚ್ಚನ್ನು ಕೆಲಸ ಮಾಡದ ಹಾಗೆ ಮಾಡಿಸಿ, ಅದನ್ನು ಹೆಮ್ಮೆಯಿಂದ ತೋರಿಸುತ್ತಿದ್ದ. ಉಪ್ಪಿಟ್ಟು ಗಂಟಲಲ್ಲಿ ಇಳಿಯಲಿಲ್ಲ ನನಗೆ. ಅಲ್ಲೇ ಜಗಳ ಆಡಿ ಬಂದೆ.

ಬರುತ್ತಾ ದಾರಿಯಲ್ಲಿ ಅನ್ನಿಸಿತು, ಅವನಿಗೆ ಬೈಯುವ ಯೋಗ್ಯತೆ ನನಗಿದೆಯಾ ಅಂತ. ಇಲ್ಲ. ಯಾಕಂದ್ರೆ ಇದೇ ಕೆಲಸವನ್ನು ನಾನೂ ಮಾಡಿಸಿದ್ದೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

2021ರ ಮಳೆಗಾಲ. ಆಫೀಸು ಮುಚ್ಚಿ ಎಲ್ಲರೂ ಮನೆಯಿಂದಲೇ ಕೆಲಸ ಮಾಡುತ್ತಿದ್ದ ಕಾಲ. ನಾನು ಸಾಗರದ ಹತ್ತಿರದ ನಮ್ಮೂರಿಗೆ, ಅಪ್ಪ ಅಮ್ಮ ಇರುವ ಮನೆಗೆ ಹೋಗಿ ಕೂತಿದ್ದೆ. ಮಹಡಿಯ ಕೋಣೆಯಲ್ಲಿ ಲ್ಯಾಪ್‌ಟಾಪು, ಕೆಳಗೆ ಜಗಲಿಯಲ್ಲಿ ಇಂಟರ್ನೆಟ್ಟಿನ ಡಬ್ಬಿ. ಜುಲೈ ತಿಂಗಳಲ್ಲಿ ಶುರುವಾಯ್ತು ಕಾಟ. ಮೀಟಿಂಗಿನ ಮಧ್ಯೆ ಟಪ್ ಅಂತ ಶಬ್ದ, ಇಡೀ ಮನೆ ಕತ್ತಲು. ಪಕ್ಕದ ಮನೆಯಲ್ಲಿ ಕರೆಂಟು ಇದೆ, ನಮ್ಮಲ್ಲಿಲ್ಲ. ಇಳಿದು ಹೋಗಿ ನೋಡಿದರೆ ಬೋರ್ಡಿನಲ್ಲಿ ಆ ಅಗಲದ ಸ್ವಿಚ್ಚು ಕೆಳಗೆ ಬಿದ್ದಿರುತ್ತಿತ್ತು. ಮೇಲೆತ್ತಿದರೆ ನಿಲ್ಲುತ್ತಿತ್ತು. ಮತ್ತೆ ನಾಲ್ಕು ಗಂಟೆಗೋ, ಮರುದಿನ ಬೆಳಗಿನ ಜಾವಕ್ಕೋ ಟಪ್!

ಪೇಟೆಯಿಂದ ವೈರಿಂಗಿನವರನ್ನು ಕರೆಸಿದೆವು. ಅವರು ಬೋರ್ಡು ಬಿಚ್ಚಿ, ಎರಡು ಸಲ ಟೆಸ್ಟರ್ ತಾಗಿಸಿ, "ಇದು ಸೆನ್ಸಿಟಿವ್ ಜಾಸ್ತಿ ಸಾರ್. ಮಳೆಗಾಲದಲ್ಲಿ ಹೀಗೇ. ಬೇಕಾದ್ರೆ ಡೈರೆಕ್ಟ್ ಮಾಡಿಬಿಡ್ತೀನಿ" ಅಂದರು. ಅಪ್ಪ ನನ್ನ ಮುಖ ನೋಡಿದರು. ಓದಿದ ಮಗ ತಾನೇ, ಗೊತ್ತಿರುತ್ತೆ ಅಂತ. ಹತ್ತು ನಿಮಿಷದಲ್ಲಿ ನನಗೆ ಮತ್ತೊಂದು ಮೀಟಿಂಗಿತ್ತು. "ಮಾಡಿಬಿಡಿ" ಅಂದೆ. ಒಂದೇ ಶಬ್ದ. ಅದನ್ನು ಹೇಳಿದ್ದು ನಾನು, ವೈರಿಂಗಿನವರಲ್ಲ. ಇದನ್ನು ನಾನು ಯಾವತ್ತೂ ಮರೆಯಬಾರದು.

ಕಾಟ ನಿಂತಿತು. ಸ್ವಿಚ್ಚು ನೋಡಲಿಕ್ಕೆ ಮೊದಲಿನ ಹಾಗೇ ಇತ್ತು, ಮೇಲ್ಮುಖವಾಗಿ. ತಂತಿಗಳು ಮಾತ್ರ ಅದರ ಒಳಗೆ ಹೋಗದೆ ಪಕ್ಕದಲ್ಲೇ ಒಂದಕ್ಕೊಂದು ಸೇರಿದ್ದವು.

ಆಗಸ್ಟಿನಲ್ಲಿ ಕರೆಂಟಿನ ಬಿಲ್ಲು ಸುಮಾರು ಐವತ್ತು ಯೂನಿಟ್ ಜಾಸ್ತಿ ಬಂತು. ನನ್ನ ಲ್ಯಾಪ್‌ಟಾಪಿನಿಂದ ಅಂದುಕೊಂಡೆವು. ಸೆಪ್ಟೆಂಬರಿನಲ್ಲಿ ಮನೆಗೆಲಸಕ್ಕೆ ಬರುವ ಅಕ್ಕ ಹೇಳಿದಳು, "ಅಮ್ಮಾ, ಬಟ್ಟೆ ಮಷಿನ್ನು ಮುಟ್ಟಿದ್ರೆ ಜುಂ ಅಂತದೆ". ಅಮ್ಮ ಮುಟ್ಟಿ ನೋಡಿದರು. ಅವರ ಕಾಲಿನಲ್ಲಿ ಚಪ್ಪಲಿ ಇತ್ತು, ಏನೂ ಆಗಲಿಲ್ಲ. ಸರಿ, ಅವಳಿಗೂ ಒಂದು ಜೊತೆ ರಬ್ಬರ್ ಚಪ್ಪಲಿ ಕೊಡಿಸಿದೆವು. ಹಿತ್ತಲ ಕಡೆ ಮಾಡಿನಲ್ಲಿ ಮೆಷಿನ್ನಿನ ಪಕ್ಕ ಅದನ್ನು ಇಟ್ಟು, "ಇದನ್ನ ಹಾಕ್ಕೊಂಡೇ ಬಟ್ಟೆ ಹಾಕು" ಅಂತ ಹೇಳಿದೆವು. ನಾಚಿಕೆ ಆಗುತ್ತದೆ ಬರೆಯಲಿಕ್ಕೆ, ಆದರೆ ನಿಜ. ಅವಳ ಬಗ್ಗೆ ನಾವು ಭಾರೀ ಕಾಳಜಿ ತಗೊಂಡೆವು ಅಂತಲೇ ಆಗ ನನಗೆ ಅನ್ನಿಸಿತ್ತು. ಅಮ್ಮ ಒಂದೆರಡು ಸಲ "ಫ್ರಿಜ್ಜೂ ಸ್ವಲ್ಪ ಜುಂ ಅಂದ ಹಾಗಾಯ್ತಲ್ಲೋ" ಅಂದಿದ್ದರು. "ಥಂಡಿ ಅಲ್ವಾ, ಹಂಗೆ" ಅಂದೆ. ಥಂಡಿಗೂ ಅದಕ್ಕೂ ಏನು ಸಂಬಂಧ ಅಂತ ನನಗೂ ಗೊತ್ತಿರಲಿಲ್ಲ.

ನವೆಂಬರ್, ದೀಪಾವಳಿ ಕಳೆದ ವಾರ. ಅಕ್ಕ ತವರಿಗೆ ಹೋಗಿದ್ದಳು. ಅಮ್ಮ ತಾವೇ ಬಟ್ಟೆ ಹಾಕಲಿಕ್ಕೆ ಹೋದರು. ಬರಿಗಾಲು, ಒದ್ದೆ ನೆಲ. ನಾನು ಮಹಡಿಯ ಮೇಲೆ ಮಾತಾಡುತ್ತಿದ್ದೆ. ಇದ್ದಕ್ಕಿದ್ದಂತೆ ಕರೆಂಟು ಹೋಯ್ತು, ಇಂಟರ್ನೆಟ್ಟು ಹೋಯ್ತು. ನಾನು ಅಲ್ಲಿಂದಲೇ ಕೂಗಿದೆ, "ಮತ್ತೆ ಟ್ರಿಪ್ ಆಯ್ತಾ?"

ಟ್ರಿಪ್ ಆಗಿರಲಿಲ್ಲ. ಅಪ್ಪ ಮೇನ್ ಸ್ವಿಚ್ಚು ಎಳೆದಿದ್ದರು. ಅಮ್ಮನ ಬಲಗೈ ಮೆಷಿನ್ನಿನ ಅಂಚನ್ನು ಹಿಡಿದುಕೊಂಡುಬಿಟ್ಟಿತ್ತು, ಬಿಡಿಸಿಕೊಳ್ಳಲಿಕ್ಕೆ ಆಗುತ್ತಿರಲಿಲ್ಲ. ಕೂಗಲಿಕ್ಕೂ ಆಗದೆ ನರಳುವ ಹಾಗೆ ಶಬ್ದ ಮಾಡುತ್ತಿದ್ದರಂತೆ. ಅಪ್ಪ ಅವರನ್ನು ಮುಟ್ಟಲಿಲ್ಲ, ಬೋರ್ಡಿನ ಹತ್ತಿರ ಓಡಿದರು. ಆ ಒಂದು ಬುದ್ಧಿಯಿಂದ ಇವತ್ತು ನನಗೆ ಅಪ್ಪ ಅಮ್ಮ ಇಬ್ಬರೂ ಇದ್ದಾರೆ. ಸಾಗರದ ಆಸ್ಪತ್ರೆಯಲ್ಲಿ ಇಸಿಜಿ ಮಾಡಿ ಒಂದು ದಿನ ಇಟ್ಟುಕೊಂಡು ಕಳಿಸಿದರು. ಬಿದ್ದ ಪೆಟ್ಟಿಗೆ ಭುಜ ತಿಂಗಳುಗಟ್ಟಲೆ ನೋಯುತ್ತಿತ್ತು. ಅಂಗೈಯಲ್ಲಿ ಒಂದು ಕಪ್ಪು ಕಲೆ ಈಗಲೂ ಇದೆ.

ಆಮೇಲೆ ಬೇರೊಬ್ಬ ವಯಸ್ಸಾದ ವೈರಿಂಗಿನವರನ್ನು ಕರೆಸಿದೆವು. ಅವರ ಚೀಲದಲ್ಲಿ ಮೆಗ್ಗರ್ ಇತ್ತು, ಅರ್ತ್ ಅಳೆಯುವ ಉಪಕರಣವೂ ಇತ್ತು. ಕಾಲು ಗಂಟೆ. ಅಷ್ಟೇ ಬೇಕಾಗಿದ್ದು ಅವರಿಗೆ. ಮೆಷಿನ್ನಿನ ತಳದಲ್ಲಿ ಇಲಿ ತಂತಿ ಕಡಿದಿತ್ತು. ಪ್ಲಗ್ಗಿನಿಂದ ನೇರ ಒಳಗೆ ಬರುವ ಫೇಸ್ ತಂತಿ, ಮೆಷಿನ್ನಿನ ಸ್ವಿಚ್ಚಿಗಿಂತ ಮೊದಲಿನದ್ದು. ಗೋಡೆಯ ಸ್ವಿಚ್ಚನ್ನು ನಾವು ಯಾವತ್ತೂ ಆಫ್ ಮಾಡುತ್ತಿರಲಿಲ್ಲವಾದ್ದರಿಂದ ಮೆಷಿನ್ ಓಡದೇ ಇದ್ದಾಗಲೂ, ತೇವ ಹೆಚ್ಚಾದಾಗೆಲ್ಲ ಅದರ ತಗಡಿನ ಮೈಗೆ ಕರೆಂಟು ಸೋರುತ್ತಿತ್ತು. ಜುಲೈಯಲ್ಲಿ ಆ ಸ್ವಿಚ್ಚು ಹೇಳಿದ್ದು ಅದನ್ನೇ. ದಿನಾ ಹೇಳಿತ್ತು, ರಾತ್ರಿ ಎಬ್ಬಿಸಿ ಹೇಳಿತ್ತು. ನಾವು ಅದರ ಬಾಯಿ ಮುಚ್ಚಿಸಿದೆವು.

ಈಗ ಸ್ವಲ್ಪ ಪಾಠ. ಬೇಜಾರು ಮಾಡ್ಕೋಬೇಡಿ, ಇದು ಗೊತ್ತಿದ್ದರೆ ಮುಂದಿನ ಜಗಳ ಅರ್ಥವಾಗುತ್ತದೆ.

ಬೋರ್ಡಿನಲ್ಲಿ ಸಾಲಾಗಿ ಇರುವ ಸಣ್ಣ ಸ್ವಿಚ್ಚುಗಳು ಎಂಸಿಬಿ. ಅವುಗಳ ಪಕ್ಕ ಅಗಲವಾಗಿ, 'ಟಿ' ಅಂತ ಇಂಗ್ಲಿಷಿನಲ್ಲಿ ಬರೆದ ಒಂದು ಪುಟ್ಟ ಗುಂಡಿ ಇರುವುದು ಆರ್‌ಸಿಸಿಬಿ. ನಮ್ಮ ಕಡೆ ಎಲ್ಲರೂ ಇದನ್ನು ಇಎಲ್‌ಸಿಬಿ ಅಂತಲೇ ಕರೆಯುತ್ತಾರೆ. ಅದು ಹಳೆಯ, ಬೇರೆ ರೀತಿಯ ಉಪಕರಣದ ಹೆಸರು, ಬಾಯಲ್ಲಿ ಉಳಿದುಕೊಂಡಿದೆ. ಇರಲಿ, ಹೆಸರಿಗೇನು.

ಅದು ಮಾಡುವ ಕೆಲಸ ಲೆಕ್ಕದ್ದು. ಫೇಸಿನಲ್ಲಿ ಎಷ್ಟು ಕರೆಂಟು ಮನೆಯೊಳಗೆ ಹೋಯ್ತೋ ಅಷ್ಟೇ ನ್ಯೂಟ್ರಲಿನಲ್ಲಿ ವಾಪಸು ಬರಬೇಕು. ಎರಡೂ ತಂತಿ ಒಂದು ಉಂಗುರದ ಒಳಗಿಂದ ಹಾಯುತ್ತವೆ. ಎರಡೂ ಸಮ ಇದ್ದರೆ ಒಂದರ ಕಾಂತ ಪರಿಣಾಮವನ್ನು ಇನ್ನೊಂದು ಕಳೆಯುತ್ತದೆ, ಉಂಗುರ ಸುಮ್ಮನಿರುತ್ತದೆ. ಹೋದದ್ದಕ್ಕಿಂತ ಬಂದದ್ದು ಕಡಿಮೆಯಾದರೆ, ಆ ಕಡಿಮೆಯಾದದ್ದು ಬೇರೆಲ್ಲೋ ಹೋಗಿದೆ ಅಂತ ಅರ್ಥ. ಗೋಡೆಯ ತೇವದೊಳಗೋ, ಅರ್ತ್ ತಂತಿಗೋ ಅಥವಾ ಯಾರದೋ ಮೈ ಮೂಲಕ ನೆಲಕ್ಕೋ. ಆ ವ್ಯತ್ಯಾಸ 30 ಮಿಲಿಆಂಪ್ ಮುಟ್ಟಿದರೆ ಅದು ಸೆಕೆಂಡಿನ ಮೂರನೇ ಒಂದು ಭಾಗದೊಳಗೆ ಬೀಳಲೇಬೇಕು. ಅದರ ಐದು ಪಟ್ಟು ಸೋರಿದರೆ ಸೆಕೆಂಡಿನ ಇಪ್ಪತ್ತೈದನೇ ಒಂದು ಭಾಗದೊಳಗೆ.

30 ಮಿಲಿಆಂಪ್ ಅನ್ನುವ ಅಂಕಿ ಯಾರದೋ ತಲೆಯಿಂದ ಬಂದದ್ದಲ್ಲ. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಚಾರ್ಲ್ಸ್ ಡಾಲ್ಜೀಲ್ ಅನ್ನುವ ಪ್ರೊಫೆಸರು ಸ್ವಯಂಸೇವಕರ ಕೈಗೆ ತಂತಿ ಕೊಟ್ಟು, ಎಷ್ಟು ಕರೆಂಟಿನವರೆಗೆ ಮನುಷ್ಯ ತಾನೇ ಕೈ ಬಿಡಿಸಿಕೊಳ್ಳಬಲ್ಲ ಅಂತ ಅಳೆದರು. ಸರಾಸರಿ ಗಂಡಸರಿಗೆ ಸುಮಾರು 16 ಮಿಲಿಆಂಪ್, ಹೆಂಗಸರಿಗೆ ಹತ್ತೂವರೆ. ಅದರ ಮೇಲೆ ಸ್ನಾಯು ಬಿಗಿದುಕೊಳ್ಳುತ್ತದೆ, ಬಿಡಬೇಕೆಂದರೂ ಕೈ ಬಿಡುವುದಿಲ್ಲ. ನಮ್ಮಮ್ಮನಿಗೆ ಆದದ್ದು ಅದೇ. 1961ರಲ್ಲಿ ಅಮೆರಿಕದಲ್ಲಿ ಇಂಥದ್ದೇ ರಕ್ಷಣೆಯ ಸ್ವಿಚ್ಚನ್ನು ರೂಪಿಸಿದವರೂ ಅವರೇ. ಅಲ್ಲಿ ಮನೆಗಳಲ್ಲಿ 5 ಮಿಲಿಆಂಪ್ ಸುಮಾರಿಗೇ ಅದು ಬೀಳುತ್ತದೆ. ನಮ್ಮದು 30. ಅದನ್ನೇ ನಾವು "ಸೆನ್ಸಿಟಿವ್ ಜಾಸ್ತಿ" ಅನ್ನುತ್ತೇವೆ!

ಇನ್ನು ಈ ವಿಷಯ ತೆಗೆದಾಗೆಲ್ಲ ನನಗೆ ಎದುರಾಗುವ ವಾದಗಳಿವೆ. ಒಂದೊಂದಾಗಿ ನೋಡೋಣ.

ಮೊದಲನೆಯದು, "ಎಂಸಿಬಿ ಇದೆಯಲ್ಲ, ಅದು ನೋಡಿಕೊಳ್ಳುತ್ತೆ". ಇಲ್ಲ ಸ್ವಾಮಿ, ನೋಡಿಕೊಳ್ಳುವುದಿಲ್ಲ. ಎಂಸಿಬಿ ಇರುವುದು ತಂತಿ ಕಾಯಲಿಕ್ಕೆ, ನಿಮ್ಮನ್ನು ಕಾಯಲಿಕ್ಕಲ್ಲ. ಒದ್ದೆ ಮೈಯ ತಡೆ ಸುಮಾರು 1000 ಓಮ್ ಅಂತಿಟ್ಟುಕೊಳ್ಳಿ. 230 ವೋಲ್ಟಿಗೆ 230 ಮಿಲಿಆಂಪ್ ಹರಿಯುತ್ತದೆ, ಅಂದರೆ ಕಾಲು ಆಂಪಿಯರಿಗಿಂತ ಕಡಿಮೆ. ಹಳೆಯ 60 ವ್ಯಾಟಿನ ಬಲ್ಬು ಎಳೆಯುತ್ತಿದ್ದುದೂ ಹೆಚ್ಚುಕಮ್ಮಿ ಅಷ್ಟೇ. 16 ಆಂಪಿಯರಿನ ಎಂಸಿಬಿಯ ಲೆಕ್ಕದಲ್ಲಿ ಮನೆಯಲ್ಲಿ ಇನ್ನೊಂದು ಬಲ್ಬು ಉರಿಯಿತು, ಅಷ್ಟೆ. ಮನುಷ್ಯನ ಪ್ರಾಣ ಹೋಗಲಿಕ್ಕೆ ಅಷ್ಟು ಸಾಕು.

ಎರಡನೆಯದು, "ನಮ್ಮ ಅರ್ತಿಂಗ್ ಚೆನ್ನಾಗಿದೆ". ಕೊನೇ ಸಲ ಯಾವಾಗ ಅಳೆಸಿದಿರಿ? ಮನೆ ಕಟ್ಟುವಾಗ ಇದ್ದಿಲು, ಉಪ್ಪು ಹಾಕಿ ಪೈಪು ಹೂತದ್ದು ಬಿಟ್ಟರೆ ಆಮೇಲೆ ಆ ಜಾಗ ಯಾವುದು ಅಂತಲೂ ಮರೆತಿರುತ್ತದೆ. ನಮ್ಮನೆಯಲ್ಲಿ ಅರ್ತ್ ತಂತಿ ಪೈಪಿಗೆ ಸೇರುವ ನಟ್ಟು ತುಕ್ಕು ಹಿಡಿದಿತ್ತು. ಅಳೆದಾಗ 70 ಓಮ್ ತೋರಿಸಿತು. 230ನ್ನು 70ರಿಂದ ಭಾಗಿಸಿ, ಮೂರೂಕಾಲು ಆಂಪಿಯರ್. ಫೇಸ್ ತಂತಿ ಪೂರ್ತಿಯಾಗಿ ತಗಡಿಗೆ ತಾಗಿದರೂ ಹರಿಯುವುದು ಅಷ್ಟೇ. 16 ಆಂಪಿಯರಿನ ಎಂಸಿಬಿ ಮಿಸುಕಾಡುವುದಿಲ್ಲ. ಮೆಷಿನ್ನಿನ ಮೈ ಮಾತ್ರ 230 ವೋಲ್ಟಿನ ಆಸುಪಾಸಿನಲ್ಲಿ ನಿಂತಿರುತ್ತದೆ. ಅಷ್ಟೇ ಅಲ್ಲ, ಮನೆಯ ಎಲ್ಲ ಪ್ಲಗ್ಗುಗಳ ಅರ್ತ್ ಪಿನ್ನೂ ಒಂದೇ ತಂತಿಗೆ ಸೇರಿರುವುದರಿಂದ ಆ ವೋಲ್ಟೇಜು ಫ್ರಿಜ್ಜಿಗೂ ಬರುತ್ತದೆ, ಇಸ್ತ್ರಿ ಪೆಟ್ಟಿಗೆಗೂ ಬರುತ್ತದೆ, ಗೀಸರಿಗೂ ಬರುತ್ತದೆ. ಅಮ್ಮನಿಗೆ ಫ್ರಿಜ್ಜು ಜುಂ ಅಂದದ್ದು ಥಂಡಿಗಲ್ಲ, ಇದಕ್ಕೆ. ಆರ್‌ಸಿಸಿಬಿ ಜಾಗದಲ್ಲಿದ್ದಿದ್ದರೆ ಅದೇ 70 ಓಮಿನ ಕೆಟ್ಟ ಅರ್ತಿನಲ್ಲೂ, ಯಾರೂ ಮುಟ್ಟುವ ಮೊದಲೇ ಬೀಳುತ್ತಿತ್ತು. ಜುಲೈಯಲ್ಲಿ ಬಿದ್ದಿತ್ತಲ್ಲ, ಹಾಗೆ.

ಮೂರನೆಯದು ಹಿರಿಯರದು, "ನಮ್ಮ ಕಾಲದಲ್ಲಿ ಇದ್ಯಾವುದೂ ಇರಲಿಲ್ಲ, ನಾವೇನು ಸತ್ತೋದ್ವಾ?" ನಿಮ್ಮ ಕಾಲದಲ್ಲಿ ಮನೆಗೆ ನಾಲ್ಕು ಬಲ್ಬು, ಒಂದು ರೇಡಿಯೋ ಇತ್ತು. ಸ್ನಾನದ ನೀರು ಹಂಡೆಯಲ್ಲಿ ಕಾಯುತ್ತಿತ್ತು, ಬಟ್ಟೆ ಕಲ್ಲಿನ ಮೇಲೆ ಒಗೆಯುತ್ತಿತ್ತು, ಚಟ್ನಿ ಒರಳಿನಲ್ಲಿ ಆಗುತ್ತಿತ್ತು. ಈಗ ನೀರಿರುವ ಎಲ್ಲ ಜಾಗದಲ್ಲೂ ತಗಡಿನ ಮೈಯ ಒಂದೊಂದು ಯಂತ್ರ ಇಟ್ಟಿದ್ದೇವೆ. ಇನ್ನು ಸತ್ತವರ ವಿಷಯ. ಸತ್ತವರು ಬಂದು ವಾದ ಮಾಡುವುದಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ವರದಿಗಳನ್ನು ನೋಡಿ, ನಮ್ಮ ದೇಶದಲ್ಲಿ ವರ್ಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಜನ ವಿದ್ಯುತ್ ತಗುಲಿ ಸಾಯುತ್ತಾರೆ. ಅದರಲ್ಲಿ ಹೊಲದ ಪಂಪ್‌ಸೆಟ್ಟು, ತುಂಡಾಗಿ ಬಿದ್ದ ಲೈನು ಎಲ್ಲ ಸೇರಿದೆ, ಎಲ್ಲವೂ ಮನೆಯೊಳಗಿನದ್ದಲ್ಲ. ಆದರೆ ನಮ್ಮ ಕೈಯಲ್ಲಿರುವುದು ನಮ್ಮ ಮನೆಯ ಬೋರ್ಡು ತಾನೇ.

ನಾಲ್ಕನೆಯದು ಅರ್ಧ ಓದಿದವರದು, "ಬೈಪಾಸ್ ಬೇಡ, 100 ಮಿಲಿಆಂಪಿಂದು ಹಾಕಿಸಿ, ಟ್ರಿಪ್ ಆಗಲ್ಲ". ಹೌದು, ಆಗಲಿಕ್ಕಿಲ್ಲ. ಆದರೆ 100 ಇರುವುದು ಸೋರಿಕೆಯಿಂದ ಬೆಂಕಿ ಹತ್ತದ ಹಾಗೆ ನೋಡಿಕೊಳ್ಳಲಿಕ್ಕೆ. ಮನುಷ್ಯರ ಮಟ್ಟಿಗೆ ಅದನ್ನು ನಂಬಿ ಕೂರುವ ಹಾಗಿಲ್ಲ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳಲ್ಲೇ ಮನೆಗಳಿಗೆ 30 ಮಿಲಿಆಂಪ್ ಮೀರಬಾರದು ಅಂತ ಬರೆದಿದ್ದಾರೆ. ಜ್ವರ ಬಂದಾಗ ಥರ್ಮಾಮೀಟರಿನ ಗೆರೆಗಳನ್ನು ಮೇಲೆ ಸರಿಸಿದರೆ ಜ್ವರ ಇಳಿಯುತ್ತದೆಯೇ?

ಐದನೆಯದು ನ್ಯಾಯವಾದ ವಾದ, ಅದನ್ನು ಒಪ್ಪಿಕೊಳ್ಳುತ್ತೇನೆ. "ಕೆಲವು ಸಲ ನಿಜವಾಗಲೂ ಸುಮ್ಮನೆ ಬೀಳುತ್ತೆ." ಹೌದು ಬೀಳುತ್ತದೆ. ಹತ್ತಿರದಲ್ಲಿ ಸಿಡಿಲು ಹೊಡೆದಾಗ ಬೀಳುತ್ತದೆ. ಕಂಪ್ಯೂಟರು, ಟಿವಿ, ಎಲ್‌ಇಡಿ ದೀಪ ಇವೆಲ್ಲ ಏನೂ ಕೆಟ್ಟಿಲ್ಲದಿದ್ದರೂ ಒಂದಿಷ್ಟು ಸೋರಿಸುತ್ತವೆ. ಎಲ್ಲ ಸೇರಿದರೆ ಹತ್ತೋ ಹದಿನೈದೋ ಮಿಲಿಆಂಪ್ ಆಗಬಹುದು. 30ರ ಸ್ವಿಚ್ಚು 15 ದಾಟಿದ ಮೇಲೆ ಯಾವಾಗ ಬೇಕಾದರೂ ಬೀಳಬಹುದು, ಅದಕ್ಕೆ ಆ ಹಕ್ಕಿದೆ. ದೊಡ್ಡ ಮನೆಗೆಲ್ಲ ಒಂದೇ ಆರ್‌ಸಿಸಿಬಿ ಹಾಕಿದರೆ ಈ ಕಾಟ ಇದ್ದದ್ದೇ. ಅದಕ್ಕೆ ಪರಿಹಾರ ಭಾಗ ಮಾಡುವುದು. ಮಹಡಿಗೊಂದು ಕೆಳಗೊಂದು ಹಾಕಿಸಿ. ದುಡ್ಡಿದ್ದರೆ ಅಡುಗೆ ಮನೆಗೆ, ಬಚ್ಚಲಿಗೆ ಒಂದೊಂದು ಆರ್‌ಸಿಬಿಓ ಹಾಕಿಸಿ, ಎಂಸಿಬಿ ಆರ್‌ಸಿಸಿಬಿ ಎರಡೂ ಒಂದರಲ್ಲೇ ಇರುವಂಥದ್ದು. ಬಿದ್ದಾಗ ಒಂದೇ ಭಾಗ ಹೋಗುತ್ತದೆ, ಎಲ್ಲಿ ಅಂತಲೂ ಗೊತ್ತಾಗುತ್ತದೆ. ಗೆಳೆಯನ ಮನೆಯಲ್ಲಿ ಗೇಟಿನ ಕ್ಯಾಮೆರಾಗಳಿಗೆ ಕೊಟ್ಟ ದುಡ್ಡಿನಲ್ಲಿ ಇದೆಲ್ಲ ಆಗಿ ಉಳಿಯುತ್ತಿತ್ತು.

ಹಾಗಾದರೆ ಬಿದ್ದಾಗ ಮಾಡಬೇಕಾದದ್ದೇನು? ನಾನು ಅವತ್ತು ಮಾಡದೇ ಇದ್ದದ್ದನ್ನು ಇಲ್ಲಿ ಬರೆಯುತ್ತೇನೆ. ಬೋರ್ಡಿನ ಮುಚ್ಚಳ ಬಿಚ್ಚಬೇಡಿ, ಇದಕ್ಕೆಲ್ಲ ಬಿಚ್ಚುವ ಅಗತ್ಯವೇ ಇಲ್ಲ.

1. ಎಲ್ಲ ಎಂಸಿಬಿಗಳನ್ನು ಆಫ್ ಮಾಡಿ. ಆಮೇಲೆ ಆರ್‌ಸಿಸಿಬಿಯನ್ನು ಮೇಲೆತ್ತಿ. ನಿಂತರೆ ಒಂದೊಂದೇ ಎಂಸಿಬಿ ಹಾಕುತ್ತಾ ಬನ್ನಿ, ಸ್ವಲ್ಪ ಹೊತ್ತು ಬಿಟ್ಟು ಬಿಟ್ಟು. ಯಾವುದನ್ನು ಹಾಕಿದಾಗ ಬಿತ್ತೋ ಕಳ್ಳ ಆ ಭಾಗದಲ್ಲಿದ್ದಾನೆ.

2. ಆ ಭಾಗದ ಎಲ್ಲ ಪ್ಲಗ್ಗುಗಳನ್ನು ಕಿತ್ತುಬಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಪಿನ್ನನ್ನೇ ಹೊರಗೆ ಎಳೆಯಬೇಕು. ಈಗ ನಿಂತರೆ ಒಂದೊಂದೇ ವಾಪಸು ಹಾಕಿ. ನೀರು ಕಾಯಿಸುವಂಥದ್ದು, ನೀರಲ್ಲಿ ಕೆಲಸ ಮಾಡುವಂಥದ್ದು ಇವುಗಳ ಮೇಲೆ ಮೊದಲು ಅನುಮಾನ ಇರಲಿ. ಗೀಸರ್, ವಾಷಿಂಗ್ ಮೆಷಿನ್, ಪಂಪು, ಇಸ್ತ್ರಿ ಪೆಟ್ಟಿಗೆ, ಮಿಕ್ಸಿ. ಗೀಸರಿನ ಕಾಯಿಲ್ಲಿನ ಹೊರಕವಚದಲ್ಲಿ ಸೂಜಿಮೊನೆಯಷ್ಟು ತೂತಾದರೂ ಒಳಗೆ ತೇವ ಹೋಗುತ್ತದೆ, ಸೋರುತ್ತದೆ. ನೀರು ಮಾತ್ರ ಬಿಸಿಯಾಗುತ್ತಲೇ ಇರುತ್ತದೆ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ.

3. ಎಲ್ಲ ಕಿತ್ತರೂ ಬೀಳುತ್ತಿದ್ದರೆ ವೈರಿಂಗಿನಲ್ಲಿದೆ. ಮಳೆ ಬಂದಾಗ ಮಾತ್ರ ಬೀಳುತ್ತದಾ? ಗೇಟಿನ ದೀಪ, ತಾರಸಿಯ ದೀಪ, ಸೋರುವ ಗೋಡೆಯ ಸ್ವಿಚ್ ಬಾಕ್ಸ್ ನೋಡಿಸಿ. ಸ್ವಿಚ್ ಬಾಕ್ಸಿನೊಳಗೆ ಇರುವೆ ಗೂಡು, ಸತ್ತ ಹಲ್ಲಿ ಸಿಗುವುದು ನಮ್ಮ ಮಲೆನಾಡಿನಲ್ಲಂತೂ ಮಾಮೂಲು.

4. ಎಲ್ಲ ಎಂಸಿಬಿ ಆಫ್ ಇದ್ದರೂ ಬೀಳುತ್ತಿದ್ದರೆ ಗಾಬರಿ ಬೇಡ, "ಸ್ವಿಚ್ಚೇ ಹಾಳಾಗಿದೆ" ಅನ್ನುವ ತೀರ್ಮಾನವೂ ಬೇಡ. ಹೆಚ್ಚಿನ ಮನೆಗಳಲ್ಲಿ ಎಂಸಿಬಿ ಕತ್ತರಿಸುವುದು ಫೇಸನ್ನು ಮಾತ್ರ. ನ್ಯೂಟ್ರಲ್ ಎಲ್ಲೋ ಅರ್ತಿಗೆ ತಾಗಿದ್ದರೆ ಎಂಸಿಬಿ ಆಫ್ ಮಾಡಿ ಪ್ರಯೋಜನ ಇಲ್ಲ. ವೈರಿಂಗಿನವರು ನ್ಯೂಟ್ರಲುಗಳನ್ನು ಒಂದೊಂದಾಗಿ ಬಿಡಿಸಿ, ಮೆಗ್ಗರ್ ಹಾಕಿ ನೋಡಬೇಕು. ಎಲ್ಲವನ್ನೂ ಬಿಡಿಸಿದ ಮೇಲೂ ಬಿದ್ದರೆ ಆಗ ಸ್ವಿಚ್ಚು ಬದಲಿಸಿ, ಬೇಡ ಅಂದವರ್ಯಾರು.

5. ಯುಪಿಎಸ್ ಹಾಕಿಸಿದ ಮೇಲೆ ಶುರುವಾಯ್ತಾ? ಅಥವಾ ಮಹಡಿ ಕಟ್ಟಿಸಿ ಬೇರೆ ಆರ್‌ಸಿಸಿಬಿ ಇಟ್ಟ ಮೇಲೆ, ಮೆಟ್ಟಿಲ ದೀಪ ಹಾಕಿದ ಕೂಡಲೇ ಬೀಳುತ್ತದಾ? ಹಾಗಾದರೆ ಒಂದು ಕಡೆಯ ಫೇಸಿಗೆ ಇನ್ನೊಂದು ಕಡೆಯ ನ್ಯೂಟ್ರಲ್ ಸೇರಿಸಿದ್ದಾರೆ. ಕರೆಂಟು ಆರ್‌ಸಿಸಿಬಿಯ ಒಳಗಿಂದ ಹೋಗಿ ಅದರ ಹೊರಗಿಂದ ವಾಪಸಾಗುತ್ತಿದೆ. ಸೋರಿಕೆ ಏನೂ ಇಲ್ಲದಿದ್ದರೂ ಅದು ಬೀಳುತ್ತದೆ. ತಪ್ಪು ಸ್ವಿಚ್ಚಿನದ್ದಲ್ಲ, ತಂತಿ ಸೇರಿಸಿದವರದ್ದು. ಸರಿಪಡಿಸುವ ಕೆಲಸ ಅವರದ್ದೇ.

ಇದರಲ್ಲಿ ಯಾವುದಕ್ಕಾದರೂ ಬೈಪಾಸ್ ಪರಿಹಾರ ಅಂತ ಬರೆದಿದ್ದೀನಾ? ಹುಡುಕಿ ನೋಡಿ.

ವೈರಿಂಗಿನವರ ಮೇಲೆ ಹರಿಹಾಯುವುದು ಸುಲಭ. ಅವರಲ್ಲಿ ಎಷ್ಟೋ ಜನಕ್ಕೆ ಮೆಗ್ಗರ್ ಕೊಳ್ಳುವ ಶಕ್ತಿ ಇಲ್ಲ, ಕೆಲಸ ಕಲಿತದ್ದು ಇನ್ನೊಬ್ಬರ ಹಿಂದೆ ಚೀಲ ಹೊತ್ತುಕೊಂಡು. ಆದರೂ ಕೇಳುತ್ತೇನೆ, ಅರ್ಧ ದಿನ ಕೂತು ಹುಡುಕಿದವರಿಗೆ ನಾವು ಎಷ್ಟು ಕೊಡುತ್ತೇವೆ? "ಏನೂ ಹಾಕಿಲ್ವಲ್ಲ, ಬರೀ ನೋಡಿದ್ದಕ್ಕೆ ಐನೂರಾ?" ಅಂತ ಚೌಕಾಸಿ ಮಾಡುತ್ತೇವೆ. ಎರಡು ನಿಮಿಷದಲ್ಲಿ ತಂತಿ ಜೋಡಿಸಿ ಕರೆಂಟು ನಿಲ್ಲಿಸಿಕೊಟ್ಟವನು ಮಾತ್ರ ನಮಗೆ ಜಾಣ. ಬೈಪಾಸನ್ನು ಮಾರುವವರು ಅವರಾದರೆ ಕೇಳಿ ಕೊಳ್ಳುವವರು ನಾವು.

ಮತ್ತೆ ಇನ್ನೊಂದು. ಬೈಪಾಸ್ ಮಾಡಿಸುವವರು ಯಾರು, ಅದರ ಫಲ ಉಣ್ಣುವವರು ಯಾರು ಅಂತ ಯೋಚನೆ ಮಾಡಿದ್ದೀರಾ? ಮಾಡಿಸುವುದು ಹೆಚ್ಚಾಗಿ ನನ್ನಂಥ ಗಂಡಸು, ಮೀಟಿಂಗು, ಮ್ಯಾಚು, ಸೀರಿಯಲ್ಲು ನಿಲ್ಲಬಾರದು ಅಂತ. ಒದ್ದೆ ಕೈಯಲ್ಲಿ ಮಿಕ್ಸಿ ಮುಟ್ಟುವವರು, ಒದ್ದೆ ನೆಲದಲ್ಲಿ ನಿಂತು ಮೆಷಿನ್ನಿಗೆ ಬಟ್ಟೆ ತುಂಬುವವರು ಬೇರೆ. ಸೋರುವ ಕರೆಂಟನ್ನು ಪತ್ತೆ ಹಚ್ಚುವ ಕೆಲಸ ಯಾರಾದರೂ ಮಾಡಲೇಬೇಕು. ಸ್ವಿಚ್ಚು ಮಾಡದಿದ್ದರೆ ಮನುಷ್ಯರ ಮೈ ಮಾಡುತ್ತದೆ. ನಮ್ಮನೆಯಲ್ಲಿ ಎರಡು ತಿಂಗಳು ಆ ಕೆಲಸವನ್ನು ಮನೆಗೆಲಸದ ಅಕ್ಕ ಮಾಡಿದಳು. ಬಾಯಿ ಬಿಟ್ಟು ಹೇಳಿಯೂ ಹೇಳಿದಳು. ನಾವು ಅವಳ ಮಾತಿಗೂ ಬೈಪಾಸ್ ಹಾಕಿದೆವು. ಅಮ್ಮನಿಗೆ ಆಗುವವರೆಗೆ ಅದು ನಮಗೆ ವಿಷಯವೇ ಆಗಿರಲಿಲ್ಲ. ತವರಿನಿಂದ ಬಂದ ಮೇಲೆ ಅವಳು ಅಮ್ಮನ ಕೈ ನೋಡಿ ಅತ್ತಳು. ನನಗೆ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ಆರ್‌ಸಿಸಿಬಿ ಇದ್ದರೆ ಸಾವೇ ಇಲ್ಲ ಅಂತಲೂ ತಿಳಿಯಬೇಡಿ. ಒಂದು ಕೈಯಲ್ಲಿ ಫೇಸ್ ಇನ್ನೊಂದು ಕೈಯಲ್ಲಿ ನ್ಯೂಟ್ರಲ್ ಹಿಡಿದರೆ, ಹೋದದ್ದು ಬಂದದ್ದು ಸಮವಾಗಿಯೇ ಇರುವುದರಿಂದ ಅದಕ್ಕೆ ಗೊತ್ತೇ ಆಗುವುದಿಲ್ಲ. ಅದೂ ಒಂದು ಯಂತ್ರ, ಒಳಗೆ ಜಡ್ಡುಗಟ್ಟಿ ಹಿಡಿದುಕೊಳ್ಳಬಹುದು. ಅದಕ್ಕೇ ಆ 'ಟಿ' ಗುಂಡಿ ಇರುವುದು. ಒತ್ತಿದರೆ ಅದು ತನ್ನೊಳಗೇ ಒಂದು ಸಣ್ಣ ಸೋರಿಕೆ ಸೃಷ್ಟಿಸಿ ತಾನೇ ಬೀಳುತ್ತದೆ. ಬಿದ್ದರೆ ಸ್ವಿಚ್ಚಿನ ಒಳಗಿನ ಯಂತ್ರ ಕೆಲಸ ಮಾಡುತ್ತಿದೆ ಅಂತ. ಅರ್ತಿಂಗ್ ಸರಿ ಇದೆ ಅಂತ ಅದರಿಂದ ಗೊತ್ತಾಗುವುದಿಲ್ಲ, ಅದನ್ನು ಬೇರೆಯಾಗಿ ಅಳೆಸಬೇಕು. ನಮ್ಮನೆಯಲ್ಲಿ ಈಗ ಪ್ರತಿ ತಿಂಗಳ ಮೊದಲ ದಿನ ಅಪ್ಪ ಕ್ಯಾಲೆಂಡರಿನ ಹಾಳೆ ತಿರುಗಿಸಿ, ನೇರ ಹೋಗಿ ಗುಂಡಿ ಒತ್ತುತ್ತಾರೆ. ಕರೆಂಟು ಟಪ್ ಅಂತ ಹೋದಾಗ ಅಡುಗೆ ಮನೆಯಿಂದ ಅಮ್ಮ "ಸರಿ ಇದೆಯಾ?" ಅಂತ ಕೇಳುತ್ತಾರೆ. ಅಪ್ಪ "ಸರಿ ಇದೆ" ಅನ್ನುತ್ತಾರೆ.

ಗೆಳೆಯ ನಿನ್ನೆ ರಾತ್ರಿ ಫೋನ್ ಮಾಡಿದ್ದ. ಇನ್ನೂ ಸಿಟ್ಟಿನಲ್ಲೇ ಇದ್ದ. ಆದರೂ, "ಮೆಗ್ಗರ್ ಇರೋ ಯಾರಾದ್ರೂ ಗೊತ್ತಿದ್ರೆ ನಂಬರ್ ಕಳ್ಸು" ಅಂದ. ಕಳಿಸಿದ್ದೇನೆ.

ಇದನ್ನು ಓದುತ್ತಿರುವ ನಿಮಗೆ ಒಂದೇ ಕೋರಿಕೆ. ಕಂಪ್ಯೂಟರಿನಲ್ಲಿ ಏನಾದರೂ ಬರೆಯುತ್ತಿದ್ದರೆ ಉಳಿಸಿಕೊಂಡು ಎದ್ದು ಹೋಗಿ, ನಿಮ್ಮ ಮನೆಯ ಬೋರ್ಡಿನಲ್ಲಿ ಆ ಗುಂಡಿ ಒತ್ತಿ ನೋಡಿ. ಕರೆಂಟು ಹೋದರೆ ಸ್ವಿಚ್ಚು ಮೇಲೆತ್ತಿ ಬಂದು ಆರಾಮಾಗಿ ನನಗೆ ಬೈಯಿರಿ. ಹೋಗದಿದ್ದರೆ, ಅಥವಾ ಅಂಥ ಗುಂಡಿಯೇ ನಿಮ್ಮ ಬೋರ್ಡಿನಲ್ಲಿ ಇಲ್ಲದಿದ್ದರೆ, ನನಗೆ ಉತ್ತರ ಬರೆಯುವುದು ಆಮೇಲಾಯ್ತು. ಮೊದಲು ವೈರಿಂಗಿನವರಿಗೆ ಫೋನ್ ಮಾಡಿ. ಅವರು ಅರ್ಧ ದಿನ ಹುಡುಕಿದರೆ ಅರ್ಧ ದಿನದ ದುಡ್ಡು ಕೊಡಿ.